ಆನೆ ಗ್ರೂಪಿನಲ್ಲಿ ಲತೀಶ

ತಪ್ಪು ಮಾಡಿದರೆ ಸಂಬಳ ಕತ್ತರಿಸುವ ಈ ಲೋಕದಲ್ಲಿ, ತಪ್ಪು ಮಾಡುವುದಕ್ಕೆಂದೇ ಸಂಬಳ ಎಣಿಸುತ್ತಿದ್ದ ಪುಣ್ಯಾತ್ಮ ಗುತ್ತಿಗಾರಿನ ಲತೀಶ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಜ್ಯೂಸ್ ಅಂಗಡಿಯೊಂದರ ನೆತ್ತಿಯ ಮೇಲೆ ಶಶಾಂಕನ ಪುಟ್ಟ ಕಂಪನಿ. ಅಲ್ಲಿ ಲತೀಶ ಟೆಸ್ಟರ್. ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನ ಎದುರು ಕೂತು ತಪ್ಪು ಹೆಸರು, ತಪ್ಪು ಪಾಸ್‌ವರ್ಡ್ ಒತ್ತುವುದು, "ನೀವು ನಮೂದಿಸಿದ್ದು ಸರಿಯಿಲ್ಲ" ಎಂದು ಕೆಂಪು ಅಕ್ಷರದಲ್ಲಿ ಬೈಸಿಕೊಳ್ಳುವುದು. ಇಷ್ಟೇ ಉದ್ಯೋಗ. ಬೈದರೆ ಎಲ್ಲವೂ ಕ್ಷೇಮ, ಬೈಯದಿದ್ದರೆ ದೋಷ. ಶಾಲೆಯಲ್ಲಿ ಇದೇ ಕೆಲಸವನ್ನು ಅವನು ವರ್ಷಾನುಗಟ್ಟಲೆ ಪುಕ್ಕಟೆಯಾಗಿ ಮಾಡಿದ್ದ.

ಊರಿನಲ್ಲಿ ಮಾತ್ರ ಅವನು ತನ್ನ ಹುದ್ದೆಯನ್ನು "ಸಾಫ್ಟ್‌ವೇರ್ ಪರೀಕ್ಷಾಧಿಕಾರಿ" ಎಂದು ಅನುವಾದಿಸಿದ್ದ. ಅವನ ಅವ್ವ ದೇವಮ್ಮ ಅದನ್ನು ಮನೆಮನೆಗೆ ಹಂಚುವಷ್ಟರಲ್ಲಿ ಮುಂದಿನ ತುಂಡುಗಳು ದಾರಿಯಲ್ಲೇ ಉದುರಿ "ಅಧಿಕಾರಿ" ಎಂಬುದಷ್ಟೇ ಉಳಿಯಿತು. ಉಳಿದದ್ದು ಒಂಟಿಯಾಗಿ ಕಾಣುತ್ತದೆಂದು ಲತೀಶನೇ ಅದರ ಮುಂದೆ "ಖಾಯಂ" ಸೇರಿಸಿದ. ನಿಜಕ್ಕೆ ಅವನು ಖಾಯಂ ಆಗಿರಲಿಲ್ಲ. ಆದರೆ ಅಧಿಕಾರಿಗೆ ತಕ್ಕ ಮುಖ ಬೇಕಲ್ಲ, ಊರಿಗೆ ಹೋಗದ ಈ ತಿಂಗಳುಗಳಲ್ಲಿ ಪುತ್ತೂರಿನಲ್ಲೇ ಮೀಸೆ ಬೋಳಿಸಿದ, ಪವರ್ ಇಲ್ಲದ ಕನ್ನಡಕ ಏರಿಸಿದ. ಹಣೆಯ ಎಡಬದಿಯ ಹಳೇ ಗಾಯದ ಗುರುತನ್ನು ಬೋಳಿಸಲು ಬರುವುದಿಲ್ಲವಾದ್ದರಿಂದ ಆಫೀಸಿನವರಿಗೆ ಅದಕ್ಕೊಂದು ಚರಿತ್ರೆ ಕಟ್ಟಿ ಹೇಳಿದ: "ತಾಲೂಕು ಮಟ್ಟದ ಕಬಡ್ಡಿ. ಫೈನಲ್."

ಆ ಶುಕ್ರವಾರ ಲತೀಶನ ಬಲ ಮೊಣಕಾಲು ಮೇಜಿನ ಕೆಳಗೆ ಬೆಳಗಿನಿಂದ ಹೊಲಿಗೆ ಯಂತ್ರದಂತೆ ಕುಣಿಯುತ್ತಿತ್ತು. ಕಾರಣ, ಕಡಬದ ಶುಕೂರ್ ಸಾಹೇಬರು. ಮದುವೆ-ಮುಂಜಿಗೆ ಶಾಮಿಯಾನ, ಕುರ್ಚಿ, ಹಂಡೆ ಬಾಡಿಗೆಗೆ ಕೊಡುವ ಅವರಿಗಾಗಿ ಶಶಾಂಕನ ಕಂಪನಿ ಒಂದು ವೆಬ್‌ಸೈಟ್ ಮಾಡುತ್ತಿತ್ತು. ಗಿರಾಕಿಗಳು ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆಯಬೇಕು, ಪಾಸ್‌ವರ್ಡ್ ಹಾಕಬೇಕು, ಕೂತಲ್ಲಿಂದಲೇ ಕುರ್ಚಿ ಬುಕ್ ಮಾಡಬೇಕು. ಸೋಮವಾರ ಶುಕೂರ್ ಸಾಹೇಬರು ನೋಡಲು ಬರುವವರಿದ್ದರು.

"ನೋಡು ಲತೀಶ," ಎಂದ ಶಶಾಂಕ. "ತಪ್ಪು ಪಾಸ್‌ವರ್ಡು, ಮರೆತ ಪಾಸ್‌ವರ್ಡು, ಅವಧಿ ಮುಗಿದ ಓಟಿಪಿ, ಎಲ್ಲ ನೋಡಿ ಮುಗಿಸು. ಸೋಮವಾರ ಸರಿಯಾದರೆ ನಿನ್ನನ್ನು ಖಾಯಂ ಮಾಡುದು. ಎಡವಟ್ಟಾದರೆ ಗುತ್ತಿಗಾರಿನವ ಗುತ್ತಿಗೆಯಲ್ಲೇ ಇರು."

ತೊಡಕು ಒಂದೇ. ಒಂದು ಖಾತೆಗೆ ಒಂದು ಮೊಬೈಲ್ ನಂಬರ್. ಲತೀಶ ತನ್ನದನ್ನು ಹಾಕಿ ಆಗಿತ್ತು, ಶಶಾಂಕನದ್ದು ಆಗಿತ್ತು, ವೆಬ್‌ಸೈಟಿನ ಫಾರ್ಮ್ ಬರೆದ ಸಹೋದ್ಯೋಗಿ ತನ್ಮಯೀಯದ್ದು ಆಗಿತ್ತು, ಕೆಳಗಿನ ಜ್ಯೂಸ್ ಅಂಗಡಿಯದ್ದೂ ಆಗಿತ್ತು. ಯಾವುದನ್ನು ಒತ್ತಿದರೂ "ಈ ಸಂಖ್ಯೆ ಈಗಾಗಲೇ ಬಳಕೆಯಲ್ಲಿದೆ."

"ಹೊಸ ನಂಬರ್ ಬೇಕು," ಎಂದಳು ತನ್ಮಯೀ. "ಊರಲ್ಲಿ ಯಾರದ್ದಾದರೂ ಇಲ್ವಾ?"

ಲತೀಶನಿಗೆ ಸೋದರಮಾವ ಚನಿಯಪ್ಪನ ನೆನಪಾಯಿತು. ದೇವಮ್ಮನ ಮನೆಯ ಪಕ್ಕದ ಮನೆ. ಎತ್ತಿ ಆಡಿಸಿದ ಮಾವ, ನಂಬರ್ ಕೊಡದೆ ಇರುತ್ತಾನೆಯೇ? ಚನಿಯಪ್ಪನ ನಂಬರನ್ನು ಫಾರ್ಮಿಗೆ ಒತ್ತಿ, ಸ್ಪೀಕರ್ ಹಾಕಿ ಫೋನ್ ಮಾಡಿದ. ಎದುರು ಬಾಸ್, ಪಕ್ಕದಲ್ಲಿ ತನ್ಮಯೀ. ಇಂಥ ಸಭೆಯಲ್ಲಿ ಮನೆಮಾತು ಸಲ್ಲದೆಂದು ಲತೀಶ ವೆಬ್‌ಸೈಟಿನದ್ದೇ ಕನ್ನಡ ತೆಗೆದ.

"ನಮಸ್ಕಾರ ಮಾವ. ನಾನು ಲತೀಶ್ ಮಾತನಾಡುತ್ತಿದ್ದೇನೆ. ಇದೀಗ ತಮ್ಮ ಮೊಬೈಲಿಗೆ ಒಂದು ಸಂಖ್ಯೆ ಬಂದಿರುತ್ತದೆ. ದಯವಿಟ್ಟು ಅದನ್ನು ತಿಳಿಸುವಿರಾ?"

ಆಚೆಯಿಂದ ಒಂದು ಸಂಶಯದ "ಹೂಂ?" ಬಂತು.

ಅದಕ್ಕೆ ಕಾರಣವಿತ್ತು. ಹಿಂದಿನ ವಾರವಷ್ಟೇ ಊರಿನ ಸಭಾಭವನದಲ್ಲಿ ಪೊಲೀಸರೊಬ್ಬರು ಬಂದು ಫೋನ್ ಕಳ್ಳರ ಬಗ್ಗೆ ಭಾಷಣ ಮಾಡಿದ್ದರು. "ಓಟು ಯಾರಿಗೆ ಹಾಕಿದಿರಿ ಅಂತಲೂ ಹೇಳಬಾರದು, ಓಟಿಪಿ ಎಷ್ಟು ಅಂತಲೂ ಹೇಳಬಾರದು. ಈಗಿನ ಕಳ್ಳರು ನಿಮ್ಮ ಮಗನ, ಅಳಿಯನ ಸ್ವರದಲ್ಲೇ ಮಾತಾಡುತ್ತಾರೆ" ಎಂದಿದ್ದರು. ಚನಿಯಪ್ಪ ಮೊದಲ ಸಾಲಿನಲ್ಲಿ ಕೂತಿದ್ದ. ಭಾಷಣದ ನಂತರ ಕೊಟ್ಟ ಬನ್ನಿನ ರುಚಿಯೊಂದಿಗೆ ಪ್ರತಿ ಅಕ್ಷರವೂ ಅವನ ನಾಲಿಗೆಯಲ್ಲಿ ಇನ್ನೂ ಇತ್ತು.

ಚನಿಯಪ್ಪ ಆಡಿದ್ದು ಸುಳ್ಯ ಕಡೆಯ ಮನೆಮಾತಾದ ಅರೆಭಾಷೆ. ಓದುವವರನ್ನು ಅರ್ಧದಲ್ಲಿ ಕೈಬಿಟ್ಟಂತಾಗಬಾರದೆಂದು ಇಲ್ಲಿ ಉಳಿದರ್ಧವನ್ನೂ ಸೇರಿಸಿ ಕೊಡಲಾಗಿದೆ.

"ಸ್ವರ ಲತೀಶನದ್ದೇ," ಎಂದ ಚನಿಯಪ್ಪ. "ಮಾತು ಅವನದ್ದಲ್ಲ. ನಮ್ಮ ಲತೀಶ ಹುಟ್ಟಿದಾಗಿನಿಂದ ನನಗೆ ನಮಸ್ಕಾರ ಹೇಳಿದ್ದಿಲ್ಲ. ನೀನು ಅವನೇ ಹೌದಾದರೆ ಹೇಳು, ನಮ್ಮ ನಾಯಿಯ ಹೆಸರು ಎಂತ?"

"ಟೈಗರ್," ಎಂದ ಲತೀಶ, ಧೈರ್ಯವಾಗಿ.

"ಟೈಗರನ್ನು ಚಿರತೆ ಕೊಂಡುಹೋಗಿ ಆಯಿತು. ಈಗ ಇರುದು ಜಿಮ್ಮಿ."

ಶಶಾಂಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಲತೀಶನ ಮೊಣಕಾಲಿನ ಯಂತ್ರ ಜೋರಾಯಿತು.

"ನನಗೆ ಯಾವ ಕಾಲು ನೋವು?"

"ಎಡಗಾಲು, ಮಾವ."

"ಎರಡೂ. ಆಗಲಿ, ಕೊನೆಯ ಪ್ರಶ್ನೆ. ಲತೀಶನ ಹಣೆಯಲ್ಲಿ ಒಂದು ಗಾಯದ ಗುರುತು ಉಂಟು. ಅದು ಹೇಗೆ ಆದದ್ದು?"

ಲತೀಶನಿಗೆ ಉತ್ತರ ಗೊತ್ತಿತ್ತು. ಗುತ್ತಿಗಾರಿನ ಕರುವಿಗೂ ಗೊತ್ತಿತ್ತು. ಆದರೆ ತನ್ಮಯೀ ಅವನ ಹಣೆಯನ್ನೇ ನೋಡುತ್ತಿದ್ದಳು.

"ತಾಲೂಕು ಮಟ್ಟದ ಕಬಡ್ಡಿ," ಎಂದ ಅವನು. "ಫೈನಲ್."

"ಥೂ ಕಳ್ಳ," ಎಂದು ಫೋನ್ ಇಟ್ಟ ಚನಿಯಪ್ಪ.

"ಮೂರು ಸಲ ತಪ್ಪಾಯಿತು," ಎಂದಳು ತನ್ಮಯೀ ಮೆಚ್ಚುಗೆಯಿಂದ. "ಲಾಕ್ ಆಯಿತು. ನನ್ನ ಫಾರ್ಮಿಗಿಂತ ನಿಮ್ಮ ಮಾವ ಗಟ್ಟಿ."

ಲತೀಶ ಅವ್ವನಿಗೆ ಫೋನ್ ಮಾಡಿದ. ಗಾಬರಿಯಲ್ಲಿ ವೆಬ್‌ಸೈಟಿನ ಕನ್ನಡದ ಗೇರು ಇಳಿಸಲು ಮರೆತ. "ಅಮ್ಮ, ಹೇಗಿದ್ದೀರಿ?" ಎಂದುಬಿಟ್ಟ.

ದೇವಮ್ಮ ಕೂಡಲೇ ಅಳಲು ಶುರು ಮಾಡಿದಳು. "ನನ್ನ ಮಗ ನನ್ನನ್ನು ಅವ್ವ ಅಂತ ಕರೆಯುದು. ಹೇಗಿದ್ದಿ ಅಂತ ಇವತ್ತಿನವರೆಗೆ ಕೇಳಿದವನಲ್ಲ, ಊಟಕ್ಕೆ ಎಂತ ಅಂತ ಮಾತ್ರ ಕೇಳುದು. ಅವನ ಫೋನು ನಿಮ್ಮ ಕೈಗೆ ಹೇಗೆ ಬಂತು? ನನ್ನ ಮಗನನ್ನು ಎಂತ ಮಾಡಿದ್ದೀರಿ?" ಆಮೇಲೆ ಲತೀಶ ಎಷ್ಟು ಸಲ ಕರೆದರೂ ಅವಳು ಫೋನ್ ಎತ್ತಲಿಲ್ಲ.

ಇತ್ತ ಚನಿಯಪ್ಪನಿಗೆ ಊರನ್ನು ಎಚ್ಚರಿಸುವ ಹೊಣೆ ಹೆಗಲ ಮೇಲೆ ಬಂದು ಕೂತಿತ್ತು. ಗುತ್ತಿಗಾರಿನಲ್ಲಿ ಎಲ್ಲರೂ ಓದುವ ವಾಟ್ಸಾಪ್ ಗ್ರೂಪ್ ಇದ್ದದ್ದು ಒಂದೇ, "ಆನೆ ಬಂತಾ". ಕಾಡಿನಿಂದ ಆನೆ ಇಳಿದರೆ ಯಾವ ತೋಟ, ಯಾವ ದಾರಿ ಎಂದು ತಿಳಿಸುವುದಕ್ಕೆ ದಿನಸಿ ಅಂಗಡಿಯ ದೇರಣ್ಣ ಅದನ್ನು ಮಾಡಿದ್ದ. ನಿಯಮವೂ ಒಂದೇ: ಆನೆಯಲ್ಲದ ವಿಷಯ ಹಾಕಿದವ ಹೊರಗೆ. ಲತೀಶನನ್ನು ಹೊರಹಾಕಿದ್ದೂ ಹಾಗೆಯೇ, ಯಾರದ್ದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿದ್ದಕ್ಕೆ. ಚನಿಯಪ್ಪ ನಿಯಮಕ್ಕೆ ತಲೆಬಾಗುವ ಮನುಷ್ಯ. ಆದ್ದರಿಂದ ಸಂದೇಶವನ್ನು ಆನೆಯ ಅಳತೆಗೆ ಹೊಲಿದು, ಧ್ವನಿಯಲ್ಲಿ ಕಳಿಸಿದ:

"ಎಲ್ಲರ ಗಮನಕ್ಕೆ. ಆನೆಯಷ್ಟೇ ಅಪಾಯದ್ದು ಒಂದು ಪುತ್ತೂರಿನ ಕಡೆಯಿಂದ ಹೊರಟಿದೆ. ಲತೀಶ ಅಂತ ಹೆಸರು. ಹತ್ತಿರ ಬಂದರೆ ಮಾತಾಡಿಸಬೇಡಿ, ಎದುರು ಹೋಗಬೇಡಿ. ಎಂತ ಕೇಳಿದರೂ ಕೊಡಬೇಡಿ."

ಶನಿವಾರ ಮಧ್ಯಾಹ್ನ ಲತೀಶ ಊರಿಗೆ ಹೊರಟ. ಫೋನಿನಲ್ಲಿ ತಾನು ತಾನಲ್ಲವೆಂದಾದರೆ ಮುಖ ತೋರಿಸಿ ತಾನೇ ಎಂದು ಸಾಧಿಸುವುದು, ಅವ್ವನ ಅಳು ನಿಲ್ಲಿಸುವುದು, ಮಾವನ ಓಟಿಪಿ ತೆಗೆದುಕೊಂಡು ಫಾರ್ಮ್ ಮುಗಿಸುವುದು. ಸುಳ್ಯದಲ್ಲಿ ಬಸ್ ಬದಲಿಸಿದ. ಸೀಟು ಸಿಕ್ಕಿದರೂ ಕೂರಲಾರ, ಕೂತರೆ ಕಾಲು ನಿಲ್ಲದು. ಬಾಗಿಲಿನ ಕಂಬಕ್ಕೆ ಜೋತು ನಿಂತ. ಹಿಂದಿನ ಸೀಟಿನಲ್ಲಿದ್ದ ಗುತ್ತಿಗಾರಿನವರೊಬ್ಬರು ಅವನನ್ನೂ ಮೊಬೈಲನ್ನೂ ಒಂದರ ನಂತರ ಒಂದು ನೋಡುತ್ತಿದ್ದದ್ದು ಅವನ ಗಮನಕ್ಕೆ ಬರಲಿಲ್ಲ.

"ಲತೀಶ ಸುಳ್ಯ ಬಿಟ್ಟ," ಎಂದು ಗ್ರೂಪಿಗೆ ಸುದ್ದಿ ಹೋಯಿತು. "ಒಂಟಿ. ಕನ್ನಡಕ ಹಾಕಿದೆ."

ಗ್ರೂಪಿನಲ್ಲಿ ಫಾರೆಸ್ಟ್ ಗಾರ್ಡ್ ಕೂಡ ಇದ್ದ. ಬಾಗಲಕೋಟೆ ಕಡೆಯವನು, ಕೆಲಸಕ್ಕೆ ಬಂದು ಇನ್ನೂ ಹೊಸತು. ಈ ಕಡೆ ಆನೆಗಳಿಗೆ ಜನ ಹೆಸರಿಡುತ್ತಾರೆಂದು ಅವನಿಗೆ ಯಾರೋ ಹೇಳಿದ್ದರು. ಅನ್ನದ ತಟ್ಟೆ ಅರ್ಧಕ್ಕೆ ಬಿಟ್ಟು, ಚೀಲದ ತುಂಬ ಆನೆ ಓಡಿಸುವ ಗರ್ನಾಲು ಪಟಾಕಿ ತುಂಬಿಕೊಂಡು ಬೈಕಿನಲ್ಲಿ ಗುತ್ತಿಗಾರು ಪೇಟೆಗೆ ಬಂದಿಳಿದ.

"ಎಲ್ಲೈತ್ರೀ ಆನಿ?" ಎಂದು ದೇರಣ್ಣನನ್ನು ಕೇಳಿದ.

"ಬಸ್ಸಿನಲ್ಲಿ ಬರ್ತಾ ಉಂಟು."

ಗಾರ್ಡ್ ಚೀಲವನ್ನು ಕೆಳಗಿಟ್ಟ. "ಟಿಕೀಟ ತಗಸ್ಯಾರೇನ್ರಿ?"

ಬಸ್ ನಿಂತಿತು, ಲತೀಶ ಇಳಿದ. ಪೇಟೆಯಲ್ಲಿ ಹರತಾಳವಿದ್ದಂತಿತ್ತು. ಶಟರುಗಳು ಅರ್ಧ ಇಳಿದಿದ್ದವು, ಅರ್ಧ ಶಟರಿನ ಕೆಳಗೆ ಬರೀ ಕಾಲುಗಳು ಕಾಣುತ್ತಿದ್ದವು. ದೇರಣ್ಣನ ಕಾಲುಗಳನ್ನು ಗುರುತಿಸಿ ಲತೀಶ ಬಗ್ಗಿ ಮಾತಾಡಿಸಿದ.

"ದೇರಣ್ಣ, ನಾನು. ದೇವಮ್ಮನ ಮಗ."

"ದೇವಮ್ಮನ ಮಗನಿಗೆ ಮೀಸೆ ಉಂಟು," ಎಂದವು ಕಾಲುಗಳು. "ಕನ್ನಡಕ ಇಲ್ಲ."

ಲತೀಶ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ಶಟರಿನ ಕೆಳಗೆ ತೂರಿಸಿದ. ಒಳಗೆ ಪಿಸುಮಾತಿನ ಸಮಾಲೋಚನೆ ನಡೆಯಿತು. ಗಾರ್ಡ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟ.

"ಇದರಾಗಿನ ಫೋಟೋ ಯಾರದರ ಇರಬಹುದ್ರಿ. ನನ್ನ ಆಧಾರದಾಗ ನಮ್ಮಪ್ಪನ ಗತೆ ಕಾಣ್ತೀನಿ ನಾನು. ಆದರ ಒಂದ್ ಮಾತು ಕೇಳ್ತೀನಿ, ಇದಾ ಏನ್ರೀ ಲತೀಶ? ಇದರ ಸಲುವಾಗಿ ನಾ ಊಟ ಬಿಟ್ ಬಂದೆ?"

ಲತೀಶನ ತಾಳ್ಮೆಯ ದಾರ ಹರಿಯಿತು. ಕಾರ್ಡನ್ನು ಅಲ್ಲೇ ಬಿಟ್ಟು ಮನೆಯ ಕಡೆಗೆ ದಾಪುಗಾಲು ಹಾಕಿದ. ಅವನ ಹಿಂದೆ, ಆನೆಯ ಹಿಂದೆ ಹೇಗೋ ಹಾಗೆ, ಕಲ್ಲೆಸೆತದಷ್ಟು ದೂರ ಬಿಟ್ಟು ಊರು ಹೊರಟಿತು. ಗ್ರೂಪಿನಲ್ಲಿ ಸುದ್ದಿ ಬೀಳುತ್ತಲೇ ಇತ್ತು. "ಪೇಟೆ ದಾಟಿದ." "ತೋಡಿನ ನೀರಿನ ಹತ್ತಿರ ನಿಂತ." "ಚಪ್ಪಲಿ ತೆಗೆದ." "ಪುನಃ ಹಾಕಿದ."

ಮನೆಗೆ ತಿರುಗುವ ಓಣಿಯ ಬಾಯಿಯಲ್ಲಿ ಚನಿಯಪ್ಪ ನಿಂತಿದ್ದ. ಎರಡೂ ಕಾಲು ನೋವಿದ್ದರೂ ಎರಡರ ಮೇಲೂ ನಿಂತಿದ್ದ. ಒಂದು ಕೈಯಲ್ಲಿ ಬೀಡಿ, ಇನ್ನೊಂದರಲ್ಲಿ ಹೋದ ಸಲ ಆನೆ ಬಂದಾಗ ಉಳಿದಿದ್ದ ಗರ್ನಾಲು.

"ಮಾವ," ಎಂದು ಲತೀಶ ಕೈ ಚಾಚಿ ಮುಂದೆ ಬಂದ. "ಆ ನಂಬರ್ ಒಂದು ಹೇಳಿದ್ದರೆ—"

ನಂಬರ್ ಎಂಬ ಮಾತು ಕೇಳಿದ್ದೇ ಚನಿಯಪ್ಪ ಬೀಡಿಯನ್ನು ಬತ್ತಿಗೆ ತಾಗಿಸಿ ಎಸೆದ. ಗರ್ನಾಲು ಲತೀಶನ ಹಿಂದೆ ಬಿದ್ದು ಭೂಮಿ ಬಿರಿದಂತೆ ಸಿಡಿಯಿತು. ಗುಂಪಿನಲ್ಲಿ ಯಾರೋ ಅಭ್ಯಾಸಬಲದಿಂದ "ಆನೆ, ಆನೆ" ಎಂದು ಕೂಗಿದರು.

ಅಲ್ಲಿಂದ ಮುಂದೆ ಲತೀಶ ಓಡಿದ್ದಲ್ಲ, ಅವನ ಕಾಲುಗಳು ಓಡಿದ್ದು. ಬೆಳಗ್ಗಿನಿಂದ ಸಂಜೆಯವರೆಗೆ ಮೇಜಿನ ಕೆಳಗೆ ತಾಲೀಮು ಮಾಡಿದ್ದು ಸಾರ್ಥಕವಾಯಿತು. ಚನಿಯಪ್ಪನನ್ನು ಬಳಸಿ ದಾಟಿ, ಬೇಲಿ ಹಾರಿ, ಗೊಬ್ಬರದ ಗುಂಡಿ ಸುತ್ತಿ, ಮನೆಗೆ ಹತ್ತಿರದ ದಾರಿಯೆಂದು ದನ ಕಟ್ಟುವ ಹಟ್ಟಿಯ ಒಳಗೆ ನುಗ್ಗಿದ. ಹಟ್ಟಿಯ ಬಾಗಿಲು ಗಿಡ್ಡ. ಆ ಮನೆಯಲ್ಲಿ ಎಲ್ಲರೂ ಬಗ್ಗಿಯೇ ಹೋಗುವುದು. ಹಟ್ಟಿಯ ದನ ಕೂಡ ತಲೆ ತಗ್ಗಿಸುತ್ತದೆ.

ಠಣ್ ಎಂದಿತು.

"ಅವ್ವಾ," ಎಂದು ಲತೀಶ ಬಾಗಿಲಿನ ಅಡ್ಡಮರದ ಕೆಳಗೆ ಸಗಣಿಯ ಮೇಲೆ ಕುಸಿದು ಕೂತ. ಕನ್ನಡಕ ದನದ ಕಾಲಡಿಗೆ ಹೋಯಿತು. ಆಮೇಲೆ ಅವನು ಆಡಿದ್ದೆಲ್ಲ ಅಪ್ಪಟ ಅರೆಭಾಷೆ. ಅದರ ಉಳಿದರ್ಧವನ್ನು ಸೇರಿಸಿದರೆ ಮಕ್ಕಳು ಓದುವಂತಿರುವುದಿಲ್ಲ.

ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಬಂದ ದೇವಮ್ಮ ಅವನ ಹಣೆ ನೋಡಿದಳು. ಎಡಬದಿ, ಹಳೇ ಗುರುತಿನ ಮೇಲೆಯೇ, ಒಂದು ಕೂದಲಿನಷ್ಟೂ ಆಚೀಚೆ ಇಲ್ಲದೆ ಹೊಸ ಗಾಯ. ಹಿಡಿಸೂಡಿ ಕೈಯಿಂದ ಜಾರಿತು.

"ಇವನು ನನ್ನ ಮಗನೇ," ಎಂದಳು ಊರಿನ ಕಡೆಗೆ ತಿರುಗಿ. "ಕಳ್ಳ ಆಗಿದ್ದರೆ ಬಗ್ಗಿ ಹೋಗ್ತಿದ್ದ."

ಈ ತರ್ಕಕ್ಕೆ ಊರು ತಲೆಯಾಡಿಸಿತು. ಬಾಲ್ಯದಲ್ಲಿ ಒಮ್ಮೆ ಯಾರೋ "ಆನೆ" ಎಂದಾಗ ಲತೀಶ ಇದೇ ದಾರಿಯಲ್ಲಿ ಓಡಿ ಇದೇ ಅಡ್ಡಮರಕ್ಕೆ ಹೊಡೆದುಕೊಂಡದ್ದು, ಬಂದದ್ದು ಆನೆಯಲ್ಲ, ದೇರಣ್ಣನ ಎಮ್ಮೆ ಎಂದು ನಂತರ ತಿಳಿದದ್ದು ಊರಿಗೆಲ್ಲ ಗೊತ್ತಿದ್ದ ಇತಿಹಾಸ. ಗಾರ್ಡ್ ತನ್ನ ಚೀಲ ಕಟ್ಟಿದ. "ಆನಿ ಬಂದರೂ ಇಷ್ಟ್ ಓಡಾಡಿಸಂಗಿಲ್ಲ ಬಿಡ್ರಿ," ಎಂದು ಹೇಳಿ ದೇವಮ್ಮನ ಮನೆಯಲ್ಲೇ ಉಳಿದರ್ಧ ಊಟ ಮುಗಿಸಿದ. ಚನಿಯಪ್ಪ ಮಾತ್ರ ಯಾರ ಮುಖವನ್ನೂ ನೋಡದೆ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಭಾನುವಾರ ಊರು ಪ್ರಾಯಶ್ಚಿತ್ತಕ್ಕೆ ಬಂತು. ಮುಖ ನೋಡಿ ಕೊಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಒಬ್ಬೊಬ್ಬರೇ ಜಗಲಿಗೆ ಬಂದು ಮೊಬೈಲನ್ನು ಲತೀಶನ ಮಡಿಲಿಗೆ ಹಾಕಿದರು. ತಲೆಗೆ ಬಟ್ಟೆ ಸುತ್ತಿಕೊಂಡು ಅವನು ಎಲ್ಲರಿಗೂ ಖಾತೆ ತೆರೆದ. ಮರೆತ ಪಾಸ್‌ವರ್ಡನ್ನು ಪರೀಕ್ಷಿಸಲು ಕಷ್ಟವೇ ಆಗಲಿಲ್ಲ, ಹಾಕಿ ಮುಗಿಯುವ ಮೊದಲೇ ಎಲ್ಲರೂ ಮರೆಯುತ್ತಿದ್ದರು. ದೇರಣ್ಣ ಒಬ್ಬನೇ ಸಿಟ್ಟಾದವನು. ಅವನು ಪಾಸ್‌ವರ್ಡ್ "ಆನೆ" ಎಂದು ಹಾಕಿದ, ಫಾರ್ಮ್ ಅದನ್ನು "ದುರ್ಬಲ" ಎಂದಿತು.

"ಆನೆ ದುರ್ಬಲ ಅಂತ ಹೇಳಲಿಕ್ಕೆ ಇವ ಯಾರು ಮಾರಾಯ?" ಎಂದ ದೇರಣ್ಣ. "ನನ್ನ ಬಾಳೆ ತೋಟಕ್ಕೆ ಬಂದು ಒಂದು ನೋಡಲಿ."

ಆದರೂ ಅವನು ಲತೀಶನನ್ನು ಗ್ರೂಪಿಗೆ ಪುನಃ ಸೇರಿಸಿಕೊಂಡ. ಕೇಕ್ ಹಾಕಬಾರದೆಂದು ಆಣೆ ಮಾಡಿಸಿಕೊಂಡು.

ಸೋಮವಾರ ಪುತ್ತೂರು. ಹಣೆಯ ಪಟ್ಟಿಯನ್ನು ನೋಡಿ ಶಶಾಂಕ ಹುಬ್ಬೇರಿಸಿದ. "ಕಬಡ್ಡಿ," ಎಂದ ಲತೀಶ. "ಈ ಸಲ ಹೋಬಳಿ ಮಟ್ಟ."

ಶುಕೂರ್ ಸಾಹೇಬರು ಬಂದರು, ಜ್ಯೂಸ್ ಬೇಡವೆಂದರು, ಎರಡು ಕುಡಿದರು. ಖಾತೆ ತೆರೆದು ತೋರಿಸಿದ್ದಾಯಿತು. ತಪ್ಪು ಪಾಸ್‌ವರ್ಡಿಗೆ ಬೈಗುಳ ಬಂತು. ಮರೆತದ್ದಕ್ಕೆ ಹೊಸದು ಬಂತು. ಲತೀಶನ ಮೊಣಕಾಲು ಮೊದಲ ಬಾರಿಗೆ ನಿಲ್ಲುವ ಸೂಚನೆ ಕೊಟ್ಟಿತು.

"ಒಂದು ವಿಷಯ ಮಾರಾಯ್ರೆ," ಎಂದರು ಶುಕೂರ್ ಸಾಹೇಬರು. "ನನ್ನ ಭಾವ ಅದ್ರಾಮ ಉಂಟಲ್ಲ, ಅವನು ನನ್ನ ಮೊಬೈಲಿನಲ್ಲಿ ಹಳೇ ಓಟಿಪಿ ನೋಡಿ ಇಡುವ ಜನ. ಮೊನ್ನೆಯದ್ದನ್ನು ಇವತ್ತು ಒತ್ತಿದರೆ ನನ್ನ ಹಂಡೆ ಹೋಗ್ತದಾ?"

ಶಶಾಂಕ ಲತೀಶನನ್ನು ನೋಡಿದ. ಲತೀಶ ಗೋಡೆಯನ್ನು ನೋಡಿದ. ಅವಧಿ ಮುಗಿದ ಓಟಿಪಿ. ಅದೊಂದನ್ನು ಅವನು ನೋಡಿರಲಿಲ್ಲ. ಭಾನುವಾರ ಯಾರ ನಂಬರಿನ ಅವಧಿಯೂ ಮುಗಿಯಲು ಊರು ಬಿಟ್ಟಿರಲಿಲ್ಲ, ಬಂದದ್ದನ್ನು ಆಗಲೇ ಕೂಗಿ ಹೇಳುತ್ತಿದ್ದರು.

"ಈಗ ತೋರಿಸಿ," ಎಂದರು ಸಾಹೇಬರು. "ಹಳೇದು ಒಂದು ಒತ್ತಿ. ಕಣ್ಣಲ್ಲಿ ಕಂಡರೆ ಒಪ್ಪುದು, ಇಲ್ಲದಿದ್ದರೆ ನನಗೆ ನನ್ನ ಬಾಡಿಗೆ ಬರೆಯುವ ಚೀಟಿಯೇ ಸಾಕು."

ಮೊಣಕಾಲು ಪುನಃ ಶುರುವಾಯಿತು, ಅದರೊಂದಿಗೆ ಮೇಜೂ, ಮೇಜಿನ ಮೇಲಿನ ಜ್ಯೂಸ್ ಗ್ಲಾಸೂ. ಅದೇ ಹೊತ್ತಿಗೆ ಲತೀಶನ ಫೋನ್ ಕೂಗಿತು. ಚನಿಯಪ್ಪ ಮಾವ. ಕತ್ತರಿಸಲು ಹೋದ ಬೆರಳು ಎತ್ತುವ ಗುಂಡಿಗೂ ಸ್ಪೀಕರಿಗೂ ಒಟ್ಟಿಗೆ ಬಿತ್ತು.

"ನೀನು ಲತೀಶನಾ?" ಎಂದ ಚನಿಯಪ್ಪ, ಕೋಣೆಗೆಲ್ಲ ಕೇಳುವಂತೆ. "ಫೋನಿನಲ್ಲಿ ನಾನು ಯಾರನ್ನೂ ನಂಬುದಿಲ್ಲ. ಹೇಳು, ಹಣೆಯ ಗಾಯ ಹೇಗೆ ಆದದ್ದು?"

ಶಶಾಂಕ ಇದ್ದ, ಶುಕೂರ್ ಸಾಹೇಬರು ಇದ್ದರು, ತನ್ಮಯೀ ಹಣೆಯ ಪಟ್ಟಿಯನ್ನೇ ನೋಡುತ್ತಿದ್ದಳು. ಲತೀಶ ಮನೆಮಾತಿನಲ್ಲಿ, ಯಾರಿಗೂ ಅನುವಾದ ಬೇಕಾಗದಷ್ಟು ಸ್ಪಷ್ಟವಾಗಿ ಹೇಳಿದ.

"ಹಟ್ಟಿಯ ಅಡ್ಡಮರ, ಮಾವ."

"ಆನೆ ಬಂತು ಅಂತ ಓಡಿದಾಗ ಬಂದದ್ದು ಎಂತ?"

"ದೇರಣ್ಣನ ಎಮ್ಮೆ."

"ಎಷ್ಟು ಸಲ ಹೊಡೆದುಕೊಂಡದ್ದು?"

"ಮೊನ್ನೆಯದ್ದು ಸೇರಿದರೆ ಎರಡು."

"ಸರಿ. ನೀನೇ." ಚನಿಯಪ್ಪನ ಸ್ವರ ತಗ್ಗಿತು. "ನೋಡು ಮಗ, ನನಗೆ ಮನಸ್ಸಿಗೆ ಸರಿಯಿಲ್ಲ. ಶುಕ್ರವಾರ ನೀನು ಕೇಳಿದ ಆ ನಂಬರ್ ನಾನು ಕ್ಯಾಲೆಂಡರಿನಲ್ಲಿ ಬರೆದು ಇಟ್ಟಿದ್ದೇನೆ. ಯಾರಿಗೂ ಹೇಳಲಿಲ್ಲ, ನಿನ್ನ ಅತ್ತೆಗೂ ಹೇಳಲಿಲ್ಲ. ಈಗ ಬರೆದುಕೋ."

ಲತೀಶನ ಮೊಣಕಾಲು ತಟ್ಟನೆ ನಿಂತಿತು. ಅವನು ಕಂಪ್ಯೂಟರಿನ ಹತ್ತಿರ ಹಾರಿ, ಶುಕ್ರವಾರ ಅರ್ಧಕ್ಕೆ ನಿಂತಿದ್ದ ಚನಿಯಪ್ಪನ ಖಾತೆಯನ್ನು ತೆರೆದ. ಮಾವ ಒಂದೊಂದೇ ಅಂಕೆಯನ್ನು, ದೇವರಿಗೆ ಹೂ ಹಾಕಿದಂತೆ, ನಿಧಾನಕ್ಕೆ ಹೇಳಿದ. ಲತೀಶ ಒತ್ತಿದ.

ಪರದೆ ಕೆಂಪಾಯಿತು. "ಈ ಸಂಖ್ಯೆಯ ಅವಧಿ ಮುಗಿದಿದೆ."

ಶುಕೂರ್ ಸಾಹೇಬರು ತೊಡೆ ತಟ್ಟಿದರು. "ಆಯಿತು ಮಾರಾಯ್ರೆ. ಇನ್ನು ಅದ್ರಾಮನ ಬಾಯಿಗೆ ಬೀಗ."

"ಎಂತ ಆಯಿತು?" ಎಂದಿತು ಫೋನು, ಆತಂಕದಿಂದ. "ನಂಬರ್ ಕೆಲಸಕ್ಕೆ ಬಂತಾ?"

"ಆತ್ ಮಾವ," ಎಂದ ಲತೀಶ. "ಸರಿಯಾದ ಹೊತ್ತಿಗೇ ಬಂತು."

ಶಶಾಂಕನಿಗೂ ಸಂತೋಷ ತಡೆಯಲಾಗಲಿಲ್ಲ. ಫೋನಿನ ಹತ್ತಿರ ಬಗ್ಗಿ, ತನ್ನ ಅತ್ಯುತ್ತಮ ಕನ್ನಡದಲ್ಲಿ ಹೇಳಿದ. "ನಮಸ್ಕಾರ ಮಾವ. ನಾನು ಲತೀಶನ ಬಾಸ್ ಶಶಾಂಕ. ನಿಮಗೊಂದು ಒಳ್ಳೆಯ ಸುದ್ದಿ. ಇವತ್ತಿನಿಂದ ನಿಮ್ಮ ಅಳಿಯ ಖಾಯಂ."

ಆಚೆಯಿಂದ ಒಂದು ಸಂಶಯದ "ಹೂಂ?" ಬಂತು. ಲತೀಶ ಕಣ್ಣು ಮುಚ್ಚಿಕೊಂಡ.

"ಅವನು ಖಾಯಂ ಆಗಿ ತಿಂಗಳುಗಟ್ಟಲೆ ಆಯಿತು," ಎಂದ ಚನಿಯಪ್ಪ. "ಊರಿಗೆಲ್ಲ ಗೊತ್ತುಂಟು. ನೀನು ಯಾರು ಮಾರಾಯ?"

ಫೋನ್ ಕಟ್ ಆಯಿತು. ಶಶಾಂಕ ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಲತೀಶನ ಮೊಬೈಲ್ ಟಿಣ್ ಎಂದಿತು. "ಆನೆ ಬಂತಾ" ಗ್ರೂಪ್, ಚನಿಯಪ್ಪನ ಧ್ವನಿ:

"ಎಲ್ಲರ ಗಮನಕ್ಕೆ. ಆನೆಯಷ್ಟೇ ಅಪಾಯದ್ದು ಇನ್ನೊಂದು ಪುತ್ತೂರಿನಲ್ಲಿ ಕಾಣಿಸಿದೆ. ಶಶಾಂಕ ಅಂತ ಹೆಸರು. ನಮ್ಮ ಲತೀಶ ಅದರ ಹತ್ತಿರವೇ ಸಿಕ್ಕಿ ಬಿದ್ದಿದ್ದಾನೆ."

ಅದರ ಬೆನ್ನಿಗೇ ಗಾರ್ಡ್‌ನದ್ದು, ಬಾಯಲ್ಲಿ ತುತ್ತು ಇರುವ ಧ್ವನಿ: "ಒಂಟಿ ಏನ್ರಿ, ಹಿಂಡ ಏನ್ರಿ? ಬರೋಬ್ಬರಿ ಹೇಳ್ರಿ, ಈ ಸಲ ಊಟಾ ಮುಗಿಸೇ ಬರ್ತೀನಿ."